ಕಾಮಣಿ ಇಳಿಯಿತು, ಕಾರಣ ಉಳಿಯಿತು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಯಾರದಾದರೂ ಕಣ್ಣು ಹಳದಿಯಾದರೆ ಮನೆಯವರು ಮೊದಲು ಕೇಳುವುದು, ‘ಕಾಮಣಿ ಔಷಧ ಎಲ್ಲಿ ಕೊಡ್ತಾರ್ರಿ?’ ಎಂದು. ಸೊಪ್ಪಿನ ರಸ, ಎಣ್ಣೆ ಬಿಟ್ಟ ಊಟ, ಕೆಲವೆಡೆ ಕೈಗೆ ಬರೆ. ಕೆಲವು ವಾರಕ್ಕೆ ಹಳದಿ ಇಳಿಯುತ್ತದೆ, ಔಷಧ ಕೊಟ್ಟವರ ಹೆಸರು ಊರೂರಿಗೆ ಹಬ್ಬುತ್ತದೆ. ಆದರೆ ಹೊಲಸು ನೀರಿನಿಂದ ಬಂದು ಕಾಮಣಿ ತರುವ ಲಿವರ್ ಸೋಂಕುಗಳಾದ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಗರ್ಭಿಣಿಯರ ಮಾತು ಬೇರೆ. ದಿನ ತುಂಬುತ್ತಿರುವವರಿಗೆ ಇ ಬಂದರೆ ಜೀವಕ್ಕೇ ಕುತ್ತು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೆಚ್ಚು ಅಂಜಬೇಕಾದ್ದು ಸದ್ದು ಮಾಡದ ರೋಗಕ್ಕೆ. ಹೆಪಟೈಟಿಸ್ ಬಿ ಮತ್ತು ಸಿ ರಕ್ತದ ಮೂಲಕ ಹರಡುತ್ತವೆ: ಒಬ್ಬರಿಗೆ ಚುಚ್ಚಿದ ಸೂಜಿ, ಬದಲಿಸದ ಕ್ಷೌರದ ಬ್ಲೇಡು, ಜಾತ್ರೆಯ ಹಚ್ಚೆ. ಬಿ ಲೈಂಗಿಕ ಸಂಪರ್ಕದಿಂದಲೂ ಬರುತ್ತದೆ. ಇಪ್ಪತ್ತು ಮೂವತ್ತು ವರ್ಷ ಆಳು ಗಟ್ಟಿಯಾಗಿಯೇ ದುಡಿಯುತ್ತಾನೆ. ಒಂದು ದಿನ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರಕ್ತ ವಾಂತಿಯಾಗುತ್ತದೆ. ವಿಜಯಪುರಕ್ಕೆ ಒಯ್ಯುವ ಹೊತ್ತಿಗೆ ಲಿವರ್ ಗಂಟುಗಂಟಾಗಿ ಗಟ್ಟಿಯಾಗಿರುತ್ತದೆ. ಕುಡಿತದ ಕೊನೆಯೂ ಇದೇ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕುಡಿಯದವರೂ ಪಾರಲ್ಲ: ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರ ಲಿವರಿಗೆ ಕೊಬ್ಬು ಕೂಡುತ್ತದೆ.

ಇದರಲ್ಲಿ ನಮ್ಮ ಕೈಯಲ್ಲಿರುವುದು ಬಹಳ. ತಾಯಿಯಿಂದ ಹೆಪಟೈಟಿಸ್ ಬಿ ತಗಲಿದ ಹಸುಗೂಸುಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಅದು ಬೇರೂರುತ್ತದೆ. ದೊಡ್ಡವರಾದ ಮೇಲೆ ತಗಲಿದರೆ ನೂರಕ್ಕೆ ಐದಕ್ಕಿಂತ ಕಡಿಮೆ ಜನರಲ್ಲಿ ಮಾತ್ರ. ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ, ಮುಂದೆ 6, 10, 14ನೇ ವಾರಕ್ಕೆ ಹೆಪಟೈಟಿಸ್ ಬಿ ಲಸಿಕೆಯೂ ಸೇರಿದ ಪೆಂಟಾವೇಲೆಂಟ್ ಬೀಳಬೇಕು. ನಮ್ಮ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಗುಳೆ ಹೋಗುತ್ತವೆ. ಹೆರಿಗೆ ಒಂದೂರಲ್ಲಿ, ಲಸಿಕೆಯ ದಿನ ಇನ್ನೊಂದೂರಲ್ಲಿ. ಲಸಿಕೆ ಬರೆದಿಡುವ ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿ ಉಳಿದರೆ ಯಾವ ಡೋಸು ಬಿದ್ದಿದೆ, ಯಾವುದು ಬಾಕಿ ಎಂದು ಅಲ್ಲಿಯ ನರ್ಸಿಗೆ ತಿಳಿಯುವುದು ಹೇಗೆ?

2018ರ ಜುಲೈ 28ರಂದು ಆರಂಭವಾದ ಹೆಪಟೈಟಿಸ್ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ಬಿ ಮತ್ತು ಸಿ ಪರೀಕ್ಷೆ, ಔಷಧ ಎರಡೂ ಉಚಿತ. ಸಿ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಗೆ ವಾಸಿಯಾಗುತ್ತದೆ. ಬೇರೂರಿದ ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ಹತೋಟಿಗೆ ಬರುತ್ತದೆ.

ಆದ್ದರಿಂದ ಬೇಡಿಕೆ ಇಷ್ಟೇ: ಕಾಮಣಿ ಇಳಿದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಮನೆಯ ಗರ್ಭಿಣಿಗೆ ಹೆಪಟೈಟಿಸ್ ಬಿ ಪರೀಕ್ಷೆ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಗುಳೆ ಹೊರಟಾಗ ತಾಯಿ ಕಾರ್ಡ್ ಜೊತೆಗೇ ಒಯ್ಯಿರಿ.