ಬಂಡ್ರಿಯ ಟೆಂಟಿನಲ್ಲಿ ಕಲಿತ ಕನ್ನಡ

(ಬಂಡ್ರಿಯ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಕನ್ನಡದ ಬಂಧುಗಳೇ, ಊರಿನ ಹಿರಿಯರೇ, ರಜೆ ಹಾಕಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಿಂದ ಬಂದಿರುವ ತಮ್ಮಂದಿರೇ, ತಂಗಿಯರೇ,

"ನಿಮ್ಮ ಮನಸ್ಸಿನಲ್ಲಿ ಉಳಿದ ಸಿನಿಮಾಗಳ ಬಗ್ಗೆ ಮಾತಾಡಿ" ಎಂದು ಸಂಘದ ಹುಡುಗರು ಕೇಳಿದಾಗ ನನಗೆ ನಗು ಬಂತು. ರಾಜ್ಯೋತ್ಸವದ ವೇದಿಕೆ ಎಂದರೆ ಪಂಪ, ರನ್ನ, ಕುಮಾರವ್ಯಾಸ ಎಂದು ಶುರು ಮಾಡುವುದು ವಾಡಿಕೆ. ಆದರೆ ನಿಜ ಹೇಳಿಬಿಡುತ್ತೇನೆ. ನನಗೆ ಕನ್ನಡದ ಅಭಿಮಾನ ಬಂದದ್ದು ಪಂಪನಿಂದಲ್ಲ. ಅವನನ್ನು ಓದಿದ್ದು ಆಮೇಲೆ. ಅಭಿಮಾನ ಬಂದದ್ದು ಟೂರಿಂಗ್ ಟಾಕೀಸಿನಿಂದ!

ನಿಮ್ಮಲ್ಲಿ ಅನೇಕರು ಟೆಂಟ್ ನೋಡಿಲ್ಲ. ಸಂಜೆ ಮೈಕಿನಲ್ಲಿ ಹಾಡು ಹಾಕಿದರೆ ಇವತ್ತು ಆಟ ಇದೆ ಎಂದು ಅರ್ಥ. ನೆಲ, ಬೆಂಚು, ಕುರ್ಚಿ, ಹೀಗೆ ಮೂರು ದರ್ಜೆ. ನಾವು ನೆಲದವರು. ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕೂರುತ್ತಿದ್ದೆವು. ಹಿಂದೆ ಕೂತವನು "ತಲಿ ತಗ್ಗಿಸಲೇ" ಎಂದು ಗುಡ್ಡೆಗೇ ಒದೆಯುತ್ತಿದ್ದ. ಇದ್ದದ್ದು ಒಂದೇ ಮಿಷನ್. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು. ಒಂದು ಚಿತ್ರಕ್ಕೆ ಮೂರು ನಾಲ್ಕು ಇಂಟರ್ವಲ್!

ಆ ಪರದೆಯ ಮೇಲೆ ಯಾವ ಭಾಷೆ ಇತ್ತು? ಬಹಳ ದಿನ ತೆಲುಗು. ಕನ್ನಡ ಚಿತ್ರ ಬಂದರೆ ಹಬ್ಬ.

ಯಾಕೆ ಹೀಗೆ ಎಂದು ಆಗ ನಮಗೆ ತಿಳಿಯುತ್ತಿರಲಿಲ್ಲ. ತೆಲುಗು ಚಿತ್ರ ವ್ಯಾಪಾರದವರು ರಾಯಲಸೀಮೆಯನ್ನು ಇವತ್ತಿಗೂ 'ಸೀಡೆಡ್' ಎನ್ನುತ್ತಾರೆ, ಕೇಳಿದ್ದೀರಾ? ಅದು ಸಿನಿಮಾದವರು ಇಟ್ಟ ಹೆಸರಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮ ಇಂಗ್ಲಿಷ್ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗೆ ಬಿದ್ದ ಹೆಸರು. ನಮ್ಮ ಬಳ್ಳಾರಿಯೂ ಅದರಲ್ಲಿತ್ತು. ಆಮೇಲೆ ನೂರೈವತ್ತು ವರ್ಷ ಮದರಾಸಿನ ಆಡಳಿತ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಮಾತ್ರ ಆಂಧ್ರಕ್ಕೆ ಹೋದವು. ನಕಾಶೆಯಲ್ಲಿ ಗೆರೆ ಎಳೆದರು. ಸಿನಿಮಾದ ಡಬ್ಬಗಳಿಗೆ ಆ ಗೆರೆ ಕಾಣಲಿಲ್ಲ!

ಇದರಿಂದ ಏನಾಯಿತು ಕೇಳಿ. ಹಂಪಿ ನಮಗೆ ಕೂಗಳತೆ. ಅಲ್ಲಿನ ರಾಜ ಕೃಷ್ಣದೇವರಾಯನನ್ನು ನಾನು ಮೊದಲು ಕಂಡದ್ದು 1956ರ 'ತೆನಾಲಿ ರಾಮಕೃಷ್ಣ' ಎಂಬ ತೆಲುಗು ಚಿತ್ರದಲ್ಲಿ. ರಾಯನ ವೇಷದಲ್ಲಿ ಎನ್.ಟಿ.ರಾಮರಾವ್. ಎಂಥ ಗತ್ತು! ಕೃಷ್ಣದೇವರಾಯ ಎಂದರೆ ತೆಲುಗಿನವನು, ಹಂಪಿಯಲ್ಲಿ ನಮ್ಮವರೆಲ್ಲ ಬರೀ ಕಲ್ಲು ಹೊತ್ತಿರಬೇಕು ಎಂದು ಆ ಹುಡುಗ ನಂಬಿಬಿಟ್ಟ. ಇಂಥ ನಂಬಿಕೆ ಎಳೆಯ ಮನಸ್ಸಿಗೆ ಏನು ಮಾಡುತ್ತದೆ, ಯೋಚಿಸಿ.

ಒಂದೆರಡು ವರ್ಷ ಕಳೆದು ಅದೇ ಟೆಂಟಿಗೆ 'ಶ್ರೀ ಕೃಷ್ಣದೇವರಾಯ' ಬಂತು. ಬಿ.ಆರ್.ಪಂತುಲು 1970ರಲ್ಲಿ ತೆಗೆದ ಬಣ್ಣದ ಚಿತ್ರ. ರಾಜ್‌ಕುಮಾರ್ ರಾಯ, ಪಂತುಲು ಅವರೇ ಮಹಾಮಂತ್ರಿ ತಿಮ್ಮರಸು, ನರಸಿಂಹರಾಜು ತೆನಾಲಿ ರಾಮಕೃಷ್ಣ. ಸಿಂಹಾಸನದ ಮೇಲೆ ಕೂತ ರಾಯ ಬಾಯಿ ತೆರೆದ... ಕನ್ನಡ! ನನಗೆ ಮೈ ಜುಮ್ಮೆಂದಿತು. ಪಕ್ಕದಲ್ಲಿದ್ದ ಗೆಳೆಯನ ತೊಡೆ ಚಿವುಟಿ "ನಮ್ಮ ಮಾತು ಆಡ್ತಾನಲೇ" ಎಂದೆ. ಇವತ್ತು ಆ ಚಿತ್ರವನ್ನು ನೋಡಿದರೆ ಅರಮನೆಯ ಕಂಬಗಳು ಪ್ಲೈವುಡ್ ಎಂದು ಗೊತ್ತಾಗುತ್ತದೆ, ಮಾತು ಉದ್ದವಾಯಿತು ಎನಿಸುತ್ತದೆ. ಆದರೂ ಆ ರಾತ್ರಿ ನನಗೆ ನನ್ನ ಹಂಪಿ ವಾಪಸು ಸಿಕ್ಕಿತು.

ಒಂದು ಮಾತು ಸೇರಿಸಲೇಬೇಕು. ನಮ್ಮ ಕೆಲವು ಅಭಿಮಾನಿಗಳು ಕೃಷ್ಣದೇವರಾಯನಿಗೆ ತೆಲುಗೇ ಬರುತ್ತಿರಲಿಲ್ಲ ಎಂಬಂತೆ ಮಾತಾಡುತ್ತಾರೆ. ಅದು ಸುಳ್ಳು. 'ಆಮುಕ್ತಮಾಲ್ಯದ' ಎಂಬ ತೆಲುಗು ಕಾವ್ಯ ಬರೆದವನೇ ಅವನು. ಹಾಗೆಯೇ ಅವನ ಕಾಲದ ಕನ್ನಡ ಶಾಸನಗಳೂ ಹಂಪಿಯ ಕಲ್ಲಿನ ಮೇಲಿವೆ. ಅವನಿಗೆ ಎರಡೂ ಬೇಕಿತ್ತು. ನಮ್ಮ ತಕರಾರು ತೆಲುಗಿನ ಮೇಲಲ್ಲ, ನಮ್ಮ ಓಣಿಯ ತೆಲುಗು ಮಾತಿನ ಅಣ್ಣತಮ್ಮಂದಿರ ಮೇಲಂತೂ ಅಲ್ಲವೇ ಅಲ್ಲ. ಪರದೆ ಒಂದೇ ಕಡೆ ವಾಲಿತ್ತಲ್ಲ, ಅದರ ಮೇಲೆ!

ಎರಡನೆಯದು 'ನಾಗರಹಾವು'. 1972ರ ಕೊನೆಗೆ ಬಿಡುಗಡೆಯಾದ ಪುಟ್ಟಣ್ಣ ಕಣಗಾಲರ ಚಿತ್ರ. ತರಾಸು ಅವರ ಮೂರು ಕಾದಂಬರಿಗಳನ್ನು ಹೆಣೆದದ್ದು. ನಮ್ಮ ಟೆಂಟಿಗೆ ಬರುವಷ್ಟರಲ್ಲಿ ರೀಲು ಸವೆದು ಪರದೆಯ ಮೇಲೆ ಮಳೆ ಸುರಿಯುತ್ತಿತ್ತು. ಇರಲಿ. ಅದುವರೆಗೆ ಸಿನಿಮಾದ ಊರು ಎಂದರೆ ಯಾವುದೋ ಬಂಗಲೆ, ಯಾವುದೋ ತೋಟ. ಇಲ್ಲಿ ನೋಡಿದರೆ ನಮ್ಮ ಕಡೆಯದೇ ಬಂಡೆ, ನಮ್ಮದೇ ಬಿಸಿಲು! ಚಿತ್ರದುರ್ಗ! ಅಪ್ಪ ಬಸ್ಸಿನಲ್ಲಿ ಹೋಗಿ ಬಂದಿದ್ದ ಊರು ಪರದೆ ತುಂಬ ನಿಂತಿತ್ತು. ನಮ್ಮ ಕಲ್ಲುಗುಡ್ಡವೂ ಕತೆಗೆ ಯೋಗ್ಯ ಎಂದು ಮೊದಲ ಸಲ ತಿಳಿಯಿತು.

ಜಯಂತಿ ಒನಕೆ ಓಬವ್ವನಾಗಿ ಹೈದರಾಲಿಯ ಸೈನಿಕರನ್ನು ಕಿಂಡಿಯ ಬಳಿ ಕೊಲ್ಲುವ ದೃಶ್ಯ ನಿಮಗೆಲ್ಲ ಗೊತ್ತು. ಆ ರಾತ್ರಿ ಮನೆಗೆ ಬಂದು ಕತ್ತಲಲ್ಲಿ ಅವ್ವನ ಒನಕೆಯನ್ನು ಮುಟ್ಟಿ ನೋಡಿದೆ. ಎತ್ತಲು ಆಗಲಿಲ್ಲ. ದಿನಾ ಅದನ್ನು ಎತ್ತಿ ಕುಟ್ಟುವ ಅವ್ವನ ಮೇಲೆ ಅವತ್ತು ಹುಟ್ಟಿದ ಗೌರವ ಕಡಿಮೆಯಾಗಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಅಶ್ವಥ್ ಅವರ ಚಾಮಯ್ಯ ಮೇಷ್ಟ್ರು. ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಆ ಮಾತಿನಿಂದಲೇ ಅವಳ ಬಾಳು ಹಾಳಾಯಿತು ಎಂದು ಮುಂದೆ ತಿಳಿಯುತ್ತದೆ. ಗುರು ಒಳ್ಳೆಯವನೇ, ಪ್ರೀತಿಯೂ ನಿಜವೇ, ಆದರೂ ಅವನ ಮಾತು ತಪ್ಪು! ಹಿರಿಯರ ಮುಂದೆ ಕೈಕಟ್ಟಿ ನಿಂತ ನಮ್ಮಂಥ ಹಳ್ಳಿ ಹುಡುಗರಿಗೆ ಇಂಥ ಮಾತನ್ನು ಯಾರು ಹೇಳಿದ್ದರು? ವಿಷ್ಣುವರ್ಧನ್ ಹೇಳಿದರು. ಹಾಗೆಂದು ಎಲ್ಲವನ್ನೂ ಹೊಗಳಲಾರೆ. ರಾಮಾಚಾರಿ ಮಾರ್ಗರೆಟ್‌ಳನ್ನು ದಾರಿಯಲ್ಲಿ ಕಾಡುವುದಕ್ಕೆ ಆಗ ಶಿಳ್ಳೆ ಹೊಡೆದಿದ್ದೆ. ಈಗ ಮಗಳ ಪಕ್ಕ ಕೂತು ನೋಡುವಾಗ ತಲೆ ತಗ್ಗಿಸಿದೆ.

'ಬಂಗಾರದ ಮನುಷ್ಯ'ದ ಬಗ್ಗೆ ಹೇಳುವುದು ಬೇಡ, ನಿಮ್ಮ ಮನೆಗಳಲ್ಲೇ ಕೇಳಿರುತ್ತೀರಿ. ಅದೂ 1972ರದೇ, ಸಿದ್ಧಲಿಂಗಯ್ಯನವರದು. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಬಂದು ನೇಗಿಲು ಹಿಡಿದವರಿದ್ದರು ಎನ್ನುತ್ತಾರೆ. ಮಳೆ ನಂಬಿದ ನಮ್ಮ ಹೊಲಗಳನ್ನು ನೋಡಿದರೆ ಅವರ ಧೈರ್ಯ ಮೆಚ್ಚಬೇಕು!

ಈಗ ಮೂರನೆಯದಕ್ಕೆ ಬರುತ್ತೇನೆ. ಇದು ಟೆಂಟಿನದಲ್ಲ. ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಚಿತ್ರ ಹಾಕುತ್ತಿದ್ದರು. ಓಣಿಗೆಲ್ಲ ಒಂದೇ ಟಿವಿ. ಅಲ್ಲಿ ನೋಡಿದ್ದು 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿಯವರ ಕತೆ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. 1986ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ. ತಬರನ ಪಾತ್ರ ಮಾಡಿದ ಚಾರುಹಾಸನ್ ಅವರಿಗೂ ಅತ್ಯುತ್ತಮ ನಟ ಪ್ರಶಸ್ತಿ. ಅವರು ತಮಿಳರು. ಕನ್ನಡದ ಬಡ ನೌಕರನೊಬ್ಬನ ನೋವನ್ನು ಕಣ್ಣಲ್ಲಿ ತುಂಬಿ ತೋರಿಸಿದವರು ಒಬ್ಬ ತಮಿಳರು ಎಂಬುದನ್ನು ನಾವು ಮರೆಯಬಾರದು.

ತಬರ ನಿವೃತ್ತನಾದ ಸಣ್ಣ ಸರ್ಕಾರಿ ನೌಕರ. ಪಿಂಚಣಿಗೆ ಅಲೆಯುತ್ತಾನೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಒಂದು ಮೇಜಿನಿಂದ ಇನ್ನೊಂದು ಮೇಜು, ನಾಳೆ ಬಾ, ನಾಡಿದ್ದು ಬಾ. ಹೆಂಡತಿ ಸಾಯುತ್ತಾಳೆ. ತಬರನ ತಲೆ ಕೆಡುತ್ತದೆ. ಅಷ್ಟೇ ಕತೆ. ಹಾಡಿಲ್ಲ, ಹೊಡೆದಾಟವಿಲ್ಲ.

ನಾನು ಚಿತ್ರ ನೋಡುತ್ತಿರಲಿಲ್ಲ, ಪಕ್ಕದಲ್ಲಿ ಕೂತಿದ್ದ ಅಪ್ಪನನ್ನು ನೋಡುತ್ತಿದ್ದೆ. ಅವರೂ ಜವಾನರಾಗಿ ನಿವೃತ್ತರಾಗಿದ್ದರು. ಪಿಂಚಣಿ ಕಾಗದ ಒಂದು ಕಚೇರಿಯಲ್ಲಿ ಸಿಕ್ಕಿಬಿದ್ದಿತ್ತು. ಯಾವ ಕಚೇರಿ ಎಂಬುದು ಬೇಡ. ಅಲ್ಲಿಂದ ಅಪ್ಪನಿಗೆ ಬಂದ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ. ಅವರು ಓದಿದ್ದು ಕನ್ನಡ ನಾಲ್ಕನೇ ಇಯತ್ತೆ. ಕಾಗದ ಬಂದಾಗಲೆಲ್ಲ ಅದನ್ನು ಮಡಚಿ ಜೇಬಿನಲ್ಲಿಟ್ಟು, ಓದಿ ಹೇಳುವವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಒಬ್ಬ ಒಂದು ಅರ್ಥ ಹೇಳಿದರೆ ಇನ್ನೊಬ್ಬ ಇನ್ನೊಂದು. ಒಂದು ಸಹಿ ಬಿಟ್ಟಿದೆ ಎಂದು ಕೇಳಿದ್ದರಂತೆ, ಅಷ್ಟೇ! ಅದು ಗೊತ್ತಾಗುವುದಕ್ಕೆ ಹನ್ನೊಂದು ತಿಂಗಳು ಬೇಕಾಯಿತು. ರಾಜ್ಯದ ಆಡಳಿತ ಭಾಷೆ ಕನ್ನಡ ಎಂದು ಕಾಯ್ದೆಯಾದದ್ದು 1963ರಲ್ಲಿ. ಕನ್ನಡಕ್ಕಾಗಿ ಗೋಕಾಕ್ ಚಳವಳಿ ನಡೆದು, ರಾಜ್‌ಕುಮಾರ್ ಬೀದಿಗಿಳಿದದ್ದು 1982ರಲ್ಲಿ. ಇಷ್ಟೆಲ್ಲ ಆದ ಮೇಲಿನ ಮಾತು ಇದು!

ಚಿತ್ರ ಮುಗಿಯಿತು. ಎಲ್ಲರೂ ಕಣ್ಣೊರೆಸಿಕೊಂಡರು. ಅಪ್ಪ ಅಳಲಿಲ್ಲ. ಹೊರಗೆ ಬಂದು ಬೀಡಿ ಹಚ್ಚಿ ಹೇಳಿದರು: "ಅವನಿಗೆ ಬೈದಿದ್ದಾದರೂ ಕನ್ನಡದಾಗ ಬೈದರಪ್ಪಾ. ನನಗೆ ಏನಂದರು ಅಂತಾನೂ ಗೊತ್ತಾಗಲಿಲ್ಲ."

ಗೆಳೆಯರೇ, ನಾನು ಕನ್ನಡ ಸಂಘಕ್ಕೆ ಸೇರಿದ್ದು ಆ ವಾರ. ಚಿತ್ರದಲ್ಲಿ ಭಾಷೆಯ ಜಗಳದ ಒಂದು ಮಾತೂ ಇಲ್ಲ. ಆದರೆ ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ಕನ್ನಡ ಚಳವಳಿಯ ಚಿತ್ರ ಇನ್ನೊಂದಿಲ್ಲ.

ಕೊನೆಗೆ ಡಬ್ಬಿಂಗ್ ವಿಷಯ. ಇದನ್ನು ಎತ್ತಿದರೆ ನಮ್ಮವರೇ ಎರಡು ಗುಂಪಾಗುತ್ತಾರೆ, ಆಗಲಿ. 1960ರ ದಶಕದಲ್ಲಿ ಅನಕೃ, ಮ.ರಾಮಮೂರ್ತಿ ಅಂಥವರು ಡಬ್ಬಿಂಗ್ ವಿರುದ್ಧ ನಿಂತರು. ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದುದೇ ಬಹುಪಾಲು ಮದರಾಸಿನಲ್ಲಿ, ಬೆರಳೆಣಿಕೆಯಷ್ಟು. ನಮ್ಮ ಕಲಾವಿದರಿಗೆ ಅನ್ನ ಬೇಕಿತ್ತು. ಅವರು ಮಾಡಿದ್ದು ಸರಿ. ಆದರೆ ಪರಭಾಷೆಯ ಚಿತ್ರಗಳು ಬರುವುದು ನಿಂತಿತೇ? ನಮ್ಮ ಸೀಮೆಯಲ್ಲಿ ಅವು ಪರಭಾಷೆಯಲ್ಲೇ ಬಂದವು! ಅವ್ವನಿಗೆ ತೆಲುಗು ಬರುತ್ತಿರಲಿಲ್ಲ. ಟೆಂಟಿನಲ್ಲಿ ಹೆಂಗಸರ ಕಡೆ ಕೂತು, ಪರದೆಯ ಮೇಲಿನವರು ಏನಂದರು ಎಂದು ತಾನೇ ಊಹಿಸಿ, ಪಕ್ಕದವರಿಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಎಷ್ಟೋ ಸಲ ಅವಳು ಹೇಳಿದ ಕತೆಯೇ ಚೆನ್ನಾಗಿರುತ್ತಿತ್ತು. ಬಂಡ್ರಿಯ ಮೊದಲ ಡಬ್ಬಿಂಗ್ ಕಲಾವಿದೆ ನಮ್ಮವ್ವ!

2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪು ಕೊಟ್ಟಾಗ ನಾನು ಮೊದಲು ಸಿಟ್ಟಾದೆ. ಆಮೇಲೆ ಅವ್ವ ನೆನಪಾದಳು, ಸಿಟ್ಟು ಇಳಿಯಿತು. ಕನ್ನಡಿಗ ತನ್ನ ಊರಿನಲ್ಲಿ ಜಗತ್ತಿನ ಯಾವ ಚಿತ್ರವನ್ನಾದರೂ ಕನ್ನಡದಲ್ಲಿ ನೋಡುವಂತಿರಬೇಕು ಎಂದು ಈಗ ನನ್ನ ನಿಲುವು. ಒಪ್ಪದವರು ಸಭೆ ಮುಗಿದ ಮೇಲೆ ಬನ್ನಿ, ಚಹಾ ಕುಡಿಯುತ್ತಾ ಜಗಳಾಡೋಣ. ಆದರೆ ಬೆಂಗಳೂರಿನ ತಮ್ಮಂದಿರೇ, ಒಂದು ಕೇಳುತ್ತೇನೆ. ಅದೇ ಚಿತ್ರದ ಕನ್ನಡ ಅವತರಣಿಕೆ ಪಕ್ಕದ ಪರದೆಯಲ್ಲಿದ್ದರೂ ನೀವು ತೆಲುಗು, ಹಿಂದಿಯ ಟಿಕೆಟ್ ತೆಗೆಯುತ್ತೀರಲ್ಲ, ಯಾಕೆ? ಅವ್ವನಿಗೆ ಆ ಆಯ್ಕೆಯೇ ಇರಲಿಲ್ಲ.

ಇನ್ನು ಹೆಚ್ಚು ಮಾತು ಬೇಡ, ಕತ್ತಲಾಗುತ್ತಿದೆ. ಎಂಟು ಗಂಟೆಗೆ ಶಾಲೆಯ ಅಂಗಳದಲ್ಲಿ ಸಂಘದವರು ಪರದೆ ಕಟ್ಟುತ್ತಾರೆ. 'ತಬರನ ಕಥೆ' ಹಾಕುತ್ತಿದ್ದೇವೆ. ಮನೆಯಲ್ಲಿ ಪಿಂಚಣಿ ಕಾಗದ, ಬ್ಯಾಂಕಿನ ಕಾಗದ, ಯಾವುದಾದರೂ ಇಂಗ್ಲಿಷಿನಲ್ಲಿ ಬಂದು ಬಿದ್ದಿದ್ದರೆ ಜೊತೆಗೆ ತನ್ನಿ, ನಮ್ಮ ಹುಡುಗರು ಓದಿ ಹೇಳುತ್ತಾರೆ, ಕನ್ನಡದಲ್ಲೇ ಉತ್ತರ ಬರೆದುಕೊಡುತ್ತಾರೆ. ಚಾಪೆ ನೀವೇ ತರಬೇಕು.