ಕ್ಷಯದ ಜತೆಗೆ ಹೊಟ್ಟೆಯ ಹುಳು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಕ್ಷಯವೆಂದೊಡನೆ ನಮ್ಮವರಿಗೆ ನೆನಪಾಗುವುದು ಎದೆ, ಕೆಮ್ಮು, ಕಫ. ಹೊಟ್ಟೆಯ ಕಡೆ ಯಾರೂ ನೋಡುವುದಿಲ್ಲ. ಇಂದು ನಾವು ಹೇಳಬೇಕೆಂದಿರುವುದು ಆ ಹೊಟ್ಟೆಯ ವಿಚಾರವನ್ನೇ.

ಹೋಟೆಲಿಗೆ ಸೇರಿದವರಾಗಲಿ, ಗಿರಣಿಯಲ್ಲಿ ದುಡಿದವರಾಗಲಿ, ಊರಿನ ಗದ್ದೆ ತೋಟಗಳಲ್ಲಿ ಬರಿಗಾಲಲ್ಲಿ ಓಡಾಡಿ ಬಂದವರು ನಾವು. ಮಲ ಬಿದ್ದ ಒದ್ದೆ ಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಅವು ಪಾದದ ಚರ್ಮ ಕೊರೆದು ಒಳಹೊಕ್ಕು, ರಕ್ತದೊಡನೆ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ಕರುಳಿಗೆ ಇಳಿಯುತ್ತವೆ. ಅಲ್ಲಿ ಕಚ್ಚಿಕೊಂಡು ವರ್ಷಗಟ್ಟಲೆ ರಕ್ತ ಹೀರುವುದುಂಟು. ನಾವು ಮುಂಬಯಿಯ ಗಾಡಿ ಹತ್ತಿದರೆ ಅವೂ ಟಿಕೇಟಿಲ್ಲದೆ ಜತೆಗೇ ಬರುತ್ತವೆ! ದುಂಡುಹುಳುವಿನ ತತ್ತಿಯಾದರೋ ತೊಳೆಯದ ಕೈಯಿಂದ, ತೊಳೆಯದ ಸೊಪ್ಪಿನಿಂದ ಬಾಯಿಗೆ ಸೇರುತ್ತದೆ.

ಕ್ಷಯದ ಕ್ರಿಮಿ ಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ದೇಹದ ಕಾವಲು ಅದನ್ನು ಸುತ್ತುಗಟ್ಟಿ ಅದುಮಿ ಇಟ್ಟಿರುತ್ತದೆ. ಹುಳುಗಳಿಗೋ, ತಾವು ಬದುಕಬೇಕಾದರೆ ಆ ಕಾವಲು ಮೆತ್ತಗಾಗಬೇಕು. ಚೆನ್ನೈಯ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯವರು, ಕ್ರಿಮಿ ಅಡಗಿದ್ದೂ ರೋಗ ಹೊರಬೀಳದ ಜನರ ರಕ್ತ ಪರೀಕ್ಷಿಸಿದಾಗ, ಕೊಕ್ಕೆಹುಳು ಇದ್ದವರಲ್ಲಿ ಕ್ಷಯವನ್ನು ಎದುರಿಸುವ ಶಕ್ತಿ ಕುಗ್ಗಿದ್ದುದು ಕಂಡುಬಂದಿತು.

ಹಾಗೆಂದು ಹುಳುವಿನ ಗುಳಿಗೆ ನುಂಗಿದರೆ ಕ್ಷಯ ಬೇಗ ವಾಸಿಯಾದೀತೆಂದು ಯಾರೂ ತಿಳಿಯಬಾರದು. ಇಥಿಯೋಪಿಯದಲ್ಲಿ ಹುಳುಬಾಧೆಯಿದ್ದ ಕ್ಷಯರೋಗಿಗಳಿಗೆ ಆಲ್ಬೆಂಡಜೋಲ್ ಕೊಟ್ಟು ನೋಡಿದರು. ೨೦೧೫ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ ಕ್ಷಯ ಗುಣವಾಗುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲಾಭವಿರುವುದು ರಕ್ತದಲ್ಲಿ. ಕ್ಷಯವೂ ಮೈ ಕರಗಿಸುತ್ತದೆ, ಹುಳುವೂ ಕರಗಿಸುತ್ತದೆ. ರೋಗಿಯ ಪೌಷ್ಟಿಕ ಆಹಾರಕ್ಕೆಂದು ಸರಕಾರ ೨೦೧೮ರಿಂದ ತಿಂಗಳಿಗೆ ೫೦೦ ರೂಪಾಯಿ ಕೊಡುತ್ತಿತ್ತು. ೨೦೨೪ರ ನವೆಂಬರಿನಿಂದ ಅದನ್ನು ೧೦೦೦ ಮಾಡಿದೆ. ಆ ದುಡ್ಡಿನ ಹಾಲು ಮೊಟ್ಟೆಯಲ್ಲಿ ಹುಳುವಿಗೂ ಪಾಲು ಕೊಡಬೇಕೆ?

ಆದುದರಿಂದ ಕ್ಷಯದ ಚಿಕಿತ್ಸೆಗೆ ಹೋದಾಗ, ಮುಖ ಬಿಳಿಚಿಕೊಂಡು ನಾಲ್ಕು ಮೆಟ್ಟಲು ಹತ್ತಲು ಏದುಸಿರು ಬರುತ್ತಿದ್ದರೆ, ಮಲಪರೀಕ್ಷೆಯೂ ಬೇಕೇ ಎಂದು ಡಾಕ್ಟರರನ್ನು ಕೇಳಿರಿ. ನಾಚಿಕೆ ಬೇಡ. ಹೊಟ್ಟೆ ನೊಂದೊಡನೆ, ಗುಳಿಗೆ ಉಷ್ಣವಾಯಿತೆಂದು ಕ್ಷಯದ ಔಷಧಿಯನ್ನೇ ನಿಲ್ಲಿಸುವವರನ್ನು ನಾವು ಕಂಡಿದ್ದೇವೆ. ಇದಕ್ಕಿಂತ ದೊಡ್ಡ ಅಪಾಯವಿಲ್ಲ. ನೋವನ್ನು ಡಾಕ್ಟರರಿಗೆ ಹೇಳಿರಿ. ಅವರು ಹೇಳುವ ತನಕ ಒಂದು ದಿನದ ಗುಳಿಗೆಯನ್ನೂ ತಪ್ಪಿಸಬೇಡಿ. ಹುಳುವಿನ ಔಷಧಿಯನ್ನೂ ಅವರನ್ನು ಕೇಳಿಯೇ ತೆಗೆದುಕೊಳ್ಳಿರಿ. ಬಸುರಿಯರಿಗೆ ಮೊದಲ ಮೂರು ತಿಂಗಳು ಅದು ಕೂಡದು. ಮುಂದಿನ ರಜೆಗೆ ಊರಿಗೆ ಹೋದಾಗ ತೋಟಕ್ಕೆ ಚಪ್ಪಲಿ ಮೆಟ್ಟಿಕೊಂಡೇ ಇಳಿಯಿರಿ. ನಗುವವರು ನಗಲಿ.