ಡಾಕ್ಟರ ಹತ್ರ ‘ಕಾಡಿಗೆ ಹೋಗಿದ್ದೆ’ ಅಂತ ಹೇಳಿ

ನಾನು ಪುಣೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡ್ತೀನಿ. ಹುಟ್ಟಿದ್ದು ಸಾಗರದ ಹತ್ತಿರದ ಹಳ್ಳಿಯಲ್ಲಿ. ನಮ್ಮ ಕಡೆ ಉಣ್ಣೆಗೆ ಉಣುಗು ಅಂತೀವಿ.

ಉಣ್ಣೆ ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗೋದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಹಳ್ಳಿಗಳ ಜನ ಜ್ವರ ಬಂದು ಮಲಗಿದರು. ಅದರ ವೈರಸ್ಸನ್ನು ಪತ್ತೆ ಮಾಡಿದ್ದು ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇವತ್ತಿನ ಎನ್‌ಐವಿ. ಸತ್ತ ಮಂಗ ಎಲ್ಲರ ಕಣ್ಣಿಗೂ ಬಿತ್ತು, ಹಾಗಾಗಿ ಕಾಯಿಲೆಗೆ ಅದರ ಹೆಸರೇ ನಿಂತಿತು. ಆದರೆ ಮುಂದೆ ಅದೇ ಕಾಡಿನ ಇಲಿ, ಸೊಂಡಿಲಿಗಳಲ್ಲೂ ಆ ವೈರಸ್ ಸಿಕ್ಕಿತು. ಈ ಸಣ್ಣ ಪ್ರಾಣಿಗಳ ಕಡೆ ನಮ್ಮ ಗಮನ ಹೋಗೋದೇ ಕಡಿಮೆ. ಇವತ್ತಿನ ಮಾತು ಅವುಗಳ ಬಗ್ಗೆ, ಮತ್ತು ಉಣ್ಣೆ ಹೊತ್ತು ತರುವ ವೈರಸ್ ಅಲ್ಲದ ಇನ್ನೊಂದರ ಬಗ್ಗೆ. ಅದು ಬ್ಯಾಕ್ಟೀರಿಯಾ.

ಕಾಡಿನ ಉಣ್ಣೆಗಳಲ್ಲಿ ಬಹುಪಾಲು ಜಾತಿಗಳು ಜೀವಮಾನದಲ್ಲಿ ಮೂರೇ ಸಲ ಊಟ ಮಾಡ್ತವೆ. ಮೊಟ್ಟೆಯಿಂದ ಹೊರಬಂದ ಆರು ಕಾಲಿನ ಮರಿ ಒಂದು ಪ್ರಾಣಿಯ ರಕ್ತ ಕುಡಿದು ಕೆಳಗೆ ಉದುರುತ್ತೆ. ಪೊರೆ ಕಳಚಿ ಎಂಟು ಕಾಲಿನದಾಗಿ ಎರಡನೇ ಪ್ರಾಣಿ ಹಿಡಿಯುತ್ತೆ. ದೊಡ್ಡದಾದ ಮೇಲೆ ಮೂರನೆಯದು. ನೆಲದ ಹತ್ತಿರ ಇರುವ ಮರಿಗಳಿಗೆ ಮೊದಲು ಸಿಗೋದು ಯಾರು? ಇಲಿ, ಹೆಗ್ಗಣ, ಸೊಂಡಿಲಿ, ಅಳಿಲು. ಇವುಗಳ ರಕ್ತದಲ್ಲಿ ಸೋಂಕು ಇದ್ದರೆ ಅದು ಉಣ್ಣೆಗೆ ಬರುತ್ತೆ, ಮುಂದಿನ ಊಟದಲ್ಲಿ ಇನ್ನೊಬ್ಬರಿಗೆ ಹೋಗುತ್ತೆ. ರಿಕೆಟ್ಸಿಯಾ ಅನ್ನೋ ಬ್ಯಾಕ್ಟೀರಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ತಾಯಿ ಉಣ್ಣೆಯಿಂದ ಮೊಟ್ಟೆಗೇ ಇಳಿದು ಬಿಡುತ್ತೆ, ಮರಿ ಹುಟ್ಟುವಾಗಲೇ ಅದನ್ನ ಹೊತ್ತುಕೊಂಡಿರುತ್ತೆ.

ಸಣ್ಣ ಪ್ರಾಣಿಗಳಲ್ಲಿ ಏನೇನಿದೆ ಅಂತ ನಮ್ಮಲ್ಲಿ ಹುಡುಕಿದವರು ಕಡಿಮೆ. ಬೆಂಗಳೂರಿನ ಎನ್‌ಸಿಬಿಎಸ್ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಶ್ಚಿಮ ಘಟ್ಟದ ಸಣ್ಣ ಸಸ್ತನಿಗಳಲ್ಲಿ ಬಾರ್ಟೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಹೇರಳವಾಗಿ, ಹಲವು ಬಗೆಗಳಲ್ಲಿ ಸಿಕ್ಕಿತು. ಪ್ರಾಣಿ ಆರೋಗ್ಯವಾಗಿ ಓಡಾಡ್ತಾ ಇದ್ದರೂ ಒಳಗೆ ಅತಿಥಿ ಇರಬಹುದು.

ಇದರಿಂದ ನಮಗೇನು ಅಂತೀರಾ? ನನ್ನ ಒಬ್ಬ ವಿದ್ಯಾರ್ಥಿಯ ವಿಷಯ ಹೇಳ್ತೀನಿ. ಮಳೆಗಾಲದಲ್ಲಿ ಸಹ್ಯಾದ್ರಿ ಟ್ರೆಕ್ ಮುಗಿಸಿ ಬಂದ ಒಂದು ವಾರಕ್ಕೆ ಜ್ವರ, ತಲೆ ಸಿಡಿತ, ಮೈಕೈ ನೋವು. ಡೆಂಗಿ ನೆಗೆಟಿವ್, ಮಲೇರಿಯಾ ನೆಗೆಟಿವ್, ಟೈಫಾಯಿಡ್ ಇರಬಹುದು ಅಂತ ಒಂದು ಆ್ಯಂಟಿಬಯಾಟಿಕ್. ಜ್ವರ ಇಳೀಲಿಲ್ಲ. ಆರನೇ ದಿನ ಅಂಗೈ, ಅಂಗಾಲಿನಲ್ಲಿ ಕೆಂಪು ಚುಕ್ಕೆ ಎದ್ದವು. ಬೇರೊಬ್ಬ ಡಾಕ್ಟರು ನೋಡಿ, ‘ಕಾಡಿಗೆ ಹೋಗಿದ್ಯೇನಪ್ಪಾ?’ ಅಂತ ಕೇಳಿದರು. ಅಲ್ಲಿವರೆಗೆ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಡಾಕ್ಸಿಸೈಕ್ಲಿನ್ ಶುರು ಮಾಡಿದ ಎರಡು ದಿನಕ್ಕೆ ಜ್ವರ ಬಿಟ್ಟಿತು.

ಇದು ಇಂಡಿಯನ್ ಟಿಕ್ ಟೈಫಸ್. ಹೆಸರು ಟೈಫಾಯಿಡ್ ಥರ ಕೇಳಿಸಿದರೂ ಎರಡಕ್ಕೂ ಸಂಬಂಧ ಇಲ್ಲ. ರಿಕೆಟ್ಸಿಯಾ ನಮ್ಮ ರಕ್ತನಾಳದ ಜೀವಕೋಶದ ಒಳಗೇ ಮನೆ ಮಾಡುತ್ತೆ. ಅದಕ್ಕೇ ಪೆನಿಸಿಲಿನ್ ಜಾತಿಯ ಔಷಧಿಗಳು ಇಲ್ಲಿ ಕೆಲಸಕ್ಕೆ ಬರಲ್ಲ. ಡಾಕ್ಸಿಸೈಕ್ಲಿನ್ ಹಳೇ ಮಾತ್ರೆ, ದುಬಾರಿಯೂ ಅಲ್ಲ. ಬೇಗ ಕೊಟ್ಟರೆ ಬಹುತೇಕರು ಗುಣವಾಗ್ತಾರೆ. ತಡವಾದರೆ ಕಿಡ್ನಿ, ಶ್ವಾಸಕೋಶ, ಮೆದುಳಿಗೆ ಪೆಟ್ಟು ಬಿದ್ದು ಪ್ರಾಣಕ್ಕೇ ಕುತ್ತು. ಇನ್ನೊಂದು ತೊಡಕು ಏನಂದ್ರೆ, ರಕ್ತಪರೀಕ್ಷೆಯಲ್ಲಿ ಹುಡುಕೋ ಪ್ರತಿಕಾಯಗಳು ಕಾಣಿಸೋಕೆ ವಾರ ಕಳೆಯಬೇಕು. ಮೊದಲ ದಿನಗಳ ನೆಗೆಟಿವ್ ರಿಪೋರ್ಟನ್ನು ನಂಬಿ ಕೂರೋ ಹಾಗಿಲ್ಲ. ಅನುಮಾನ ಬಂದರೆ ಡಾಕ್ಟರು ರಿಪೋರ್ಟಿಗೆ ಕಾಯದೆ ಔಷಧಿ ಶುರು ಮಾಡ್ತಾರೆ. ಆ ಅನುಮಾನ ಬರಬೇಕಾದರೆ ಅವರಿಗೆ ಮಾಹಿತಿ ಬೇಕು. ಅದು ಇರೋದು ನಮ್ಮ ಹತ್ರ ಮಾತ್ರ.

ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕೂತ ನಮಗೆ ಇದು ಹೆಚ್ಚು ಅನ್ವಯಿಸುತ್ತೆ. ಶನಿವಾರ ಟ್ರೆಕ್, ರಜೆಗೆ ಊರಿನ ತೋಟ, ಸೋಮವಾರ ಮತ್ತೆ ಆಫೀಸು. ಜ್ವರ ಬರೋ ಹೊತ್ತಿಗೆ ಕಾಡು ಮರೆತೇ ಹೋಗಿರುತ್ತೆ. ನಗರದ ಡಾಕ್ಟರಿಗೆ ಮೊದಲು ಹೊಳೆಯೋದು ಸೊಳ್ಳೆ.

ಹಾಗಾಗಿ ಇಷ್ಟು ಮಾಡಿ. ಕಾಡಲ್ಲಿ ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ವಾಪಸ್ ಬಂದ ಮೇಲೆ ಕಂಕುಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ ನೋಡಿಕೊಳ್ಳಿ. ಉಣ್ಣೆ ಕಚ್ಚಿದ್ದರೆ ಬೆಂಕಿ, ಎಣ್ಣೆ ಬೇಡ. ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿದ ಕಡೆಯೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಮಾತ್ರೆಯನ್ನ ನೀವೇ ತಗೊಂಡು ನುಂಗಬೇಡಿ. ಎರಡು ಮೂರು ವಾರದೊಳಗೆ ಜ್ವರ ಬಂದರೆ, ಡಾಕ್ಟರು ಕೇಳಲಿ ಬಿಡಲಿ, ಯಾವ ತಾರೀಖು, ಯಾವ ಕಾಡು ಅಂತ ನೀವೇ ಹೇಳಿ. ಮನೆ ನಾಯಿಗೆ ಉಣ್ಣೆ ಇದ್ದರೆ ಅದನ್ನೂ ಹೇಳಿ.